ಕೊನೆಯ ಸಾಲಿಗೆ ಕೇಳುವ ತಂತಿ

ಹೋದ ತಿಂಗಳು ಬೆಂಗಳೂರಿನ ಒಂದು ವಾದ್ಯದಂಗಡಿಗೆ ತಂತಿ ಕೊಳ್ಳಲು ಹೋಗಿದ್ದೆ. ಇಪ್ಪತ್ತೆರಡರ ಆಸುಪಾಸಿನ ಹುಡುಗನೊಬ್ಬ ಸ್ಟೂಲಿನ ಮೇಲೆ ಕೂತು, ಒಂದಾದ ಮೇಲೊಂದು ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಆಂಪ್‌ನಲ್ಲಿ ಬೇಸ್ ಪೂರ್ತಿ, ಟ್ರೆಬಲ್ ಪೂರ್ತಿ, ನಡುವಿನ ಮಿಡ್ ಸೊನ್ನೆ. ಹೆಬ್ಬೆರಳಿನಿಂದ ತಂತಿಗೆ ಬಾರಿಸಿದಾಗ ಶೋಕೇಸಿನ ಗಾಜು ಅದುರುತ್ತಿತ್ತು. ನನ್ನ ಜಡ್ಡುಗಟ್ಟಿದ ಬೆರಳು ನೋಡಿಯೋ ಏನೋ, "ಅಣ್ಣಾ, ಇದು ತಗೊಳ್ಳಲಾ? ಗಣೇಶನ ಸೀಸನ್‌ಗೆ ಆರ್ಕೆಸ್ಟ್ರಾ ಸೇರ್ಕೊಂಡಿದೀನಿ" ಎಂದ.

ವಾದ್ಯದಲ್ಲಿ ತಪ್ಪಿರಲಿಲ್ಲ. ಅವನು ಅದನ್ನು ಕೇಳುತ್ತಿದ್ದ ರೀತಿಯಲ್ಲಿ ತಪ್ಪಿತ್ತು. "ಎದ್ದು ನಿಂತು ನುಡಿಸು. ಮಿಡ್ ಸ್ವಲ್ಪ ಎತ್ತು" ಎಂದೆ. ಎತ್ತಿದ. ಮುಖ ಸಪ್ಪಗಾಯಿತು. "ಮೂಗಲ್ಲಿ ಮಾತಾಡಿದಂಗೆ ಕೇಳ್ಸುತ್ತಣ್ಣ." ನಿಜ, ಒಂಟಿಯಾಗಿ ಹಾಗೇ ಕೇಳುತ್ತದೆ. ಆದರೆ ಎರಡು ಕೀಬೋರ್ಡು, ರಿದಂ ಪ್ಯಾಡು, ಢೋಲಕ್, ಇಬ್ಬರು ಗಾಯಕರು ಸೇರಿದ ಮೇಲೆ ಉಳಿದುಕೊಳ್ಳುವುದು ಆ ಮೂಗಿನ ದನಿಯೇ. ಅಂಗಡಿಯಲ್ಲಿ ಗಾಜು ಅದುರಿಸಿದ ದನಿ ಪೆಂಡಾಲಿನಲ್ಲಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಇದಕ್ಕೆ ಕಾರಣವಿದೆ. ನಾಲ್ಕು ತಂತಿಯ ಬೇಸ್‌ನ ಅತಿ ದಪ್ಪ ತಂತಿ, ಇ ಸ್ವರದ್ದು, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಮಂದ್ರದಲ್ಲಿ ನಮ್ಮ ಕಿವಿ ಮಂಕು. ತಂತಿಯ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಹೀಗೆ ಮೇಲೇರುವ ಕಂಪನದ ಉಪಸ್ವರಗಳೂ ಹುಟ್ಟುತ್ತವೆ. ನುಡಿಸಿದ್ದು ಯಾವ ಸ್ವರವೆಂದು ಕಿವಿ ಗುರುತು ಹಿಡಿಯುವುದು ಹೆಚ್ಚಾಗಿ ಅವುಗಳಿಂದಲೇ. ಅವುಗಳಲ್ಲಿ ಮೇಲಿನವು ಇರುವುದು ಮಿಡ್ ತಿರುಪಿನ ಸೀಮೆಯಲ್ಲಿ. ಅದನ್ನು ಸೊನ್ನೆಗಿಳಿಸಿದರೆ ಗುಡುಗು ಉಳಿಯುತ್ತದೆ, ಸ್ವರ ಹೋಗುತ್ತದೆ. ದನಿಯ ಹದವೂ ನುಡಿಸುವ ಜಾಗಕ್ಕೆ ತಕ್ಕಂತೆ ಇರಬೇಕು. ಮೃದಂಗದವರನ್ನು ನೋಡಿ. ಎಡಮುಖಕ್ಕೆ ರವೆಯ ಕಣಕವನ್ನು ಮನೆಯಲ್ಲೇ ಮೆತ್ತಿಕೊಂಡು ಬರುವುದಿಲ್ಲ. ಕಛೇರಿಯ ಜಾಗದಲ್ಲಿ ಕೂತು, ಇಷ್ಟಿಷ್ಟೇ ಹಚ್ಚಿ, ತಟ್ಟಿ ಕೇಳಿ, ಹದ ಮಾಡುತ್ತಾರೆ. ಬೇಸ್ ನುಡಿಸುವವನಿಗೂ ಆ ಬುದ್ಧಿ ಬೇಕು.

ನೋಡಹೋದರೆ ಈ ವಾದ್ಯ ಹುಟ್ಟಿದ್ದೇ ಊರೂರು ತಿರುಗುವ ವಾದ್ಯಗಾರರಿಗಾಗಿ. ಅದಕ್ಕೆ ಮುಂಚೆ ಪಾಶ್ಚಾತ್ಯ ಸಂಗೀತದಲ್ಲಿ ಮಂದ್ರಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಕಾರಿನ ನೆತ್ತಿಯ ಮೇಲೆ ಕಟ್ಟಿ ಸಾಗಿಸಬೇಕು. ಅಷ್ಟು ಹೊತ್ತು ತಂದರೂ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್‌ಗಳ ನಡುವೆ ಅದರ ದನಿ ಕೇಳದು. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ ಗಿಟಾರ್‌ನಂತೆ ಹಿಡಿದು ನುಡಿಸುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದ, ಆದರೆ ಅದು ಹಬ್ಬಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದ. ಫ್ರೆಟ್ ಎಂಬ ಅಡ್ಡಪಟ್ಟಿಗಳಿರುವುದರಿಂದ ಬೆರಳಿಟ್ಟ ಕಡೆ ಸ್ವರ ಕರಾರುವಾಕ್ಕಾಗಿ ಬರುತ್ತದೆ, ಅದಕ್ಕೇ ಆ ಹೆಸರು. ಲಿಯೋ ರೇಡಿಯೋ ರಿಪೇರಿ ಮಾಡುತ್ತಿದ್ದ ಮನುಷ್ಯ, ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ಕಷ್ಟ ಕೇಳಿಸಿಕೊಂಡು ವಾದ್ಯ ಮಾಡಿದ. ಅವನು ಗೊತ್ತುಮಾಡಿದ 34 ಇಂಚಿನ ತಂತಿಯ ಅಳತೆಯೇ ಇವತ್ತಿಗೂ ಹೆಚ್ಚಿನ ಬೇಸ್‌ಗಳಲ್ಲಿದೆ. ಒಂದು ಕೈಯಲ್ಲಿ ಎತ್ತಿಕೊಂಡು ಬಸ್ ಹತ್ತಬಹುದಾದ ವಾದ್ಯ ಎಂಬುದೇ ಅದರ ದೊಡ್ಡ ಗುಣ ಎಂದು ನಾನು ನಂಬಿದ್ದೇನೆ.

ಅಂಗಡಿಗೆ ಹೋದವರು ಇವತ್ತಿಗೂ ಆರಿಸುವುದು ಬಹುಮಟ್ಟಿಗೆ ಲಿಯೋ ಕೊಟ್ಟ ಎರಡು ದಾರಿಗಳ ನಡುವೆ. ಒಂದು ಪ್ರಿಸಿಷನ್. ಇನ್ನೊಂದು 1960ರಲ್ಲಿ ಬಂದ ಜಾಝ್ ಬೇಸ್. ಜಾಝ್‌ನ ನೆಕ್ ಮೇಲ್ತುದಿಯಲ್ಲಿ 38 ಮಿಲಿಮೀಟರ್ ಅಗಲ, ಪ್ರಿಸಿಷನ್‌ನದು ಅದಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಹೆಚ್ಚು. ಬರೆಯುವಾಗ ಅಲ್ಪ ಅನ್ನಿಸುತ್ತದೆ, ಮೂರು ಗಂಟೆಯ ಕಾರ್ಯಕ್ರಮ ಮುಗಿಸಿದ ಎಡಗೈಗೆ ಅಲ್ಪವಲ್ಲ. ತಂತಿಯ ಕಂಪನ ಹಿಡಿಯುವ ಪಿಕಪ್ ಜಾಝ್‌ಗೆ ಎರಡು, ದನಿಯ ಬಗೆಗಳೂ ಹೆಚ್ಚು. ಆದರೆ ನಮ್ಮ ಕಡೆಯ ವೇದಿಕೆಗಳಲ್ಲಿ ಒಂದು ಸಂಗತಿ ಎಲ್ಲಕ್ಕಿಂತ ಮೊದಲು ನೆನಪಿಗೆ ಬರಬೇಕು: ಸೀರಿಯಲ್ ಸೆಟ್ಟು. ಪೆಂಡಾಲಿನ ತುಂಬಾ ಮಿಣುಕುವ ದೀಪ, ಹಿಂದೆ ಜನರೇಟರ್, ತಲೆಯ ಮೇಲೆ ಡಿಮ್ಮರ್‌ಗೆ ಕಟ್ಟಿದ ಲೈಟು. ಇವೆಲ್ಲದರ ಕರೆಂಟಿನ ಸದ್ದು ಪಿಕಪ್‌ಗೆ ಹಮ್ ಆಗಿ ಸೇರುತ್ತದೆ. ಜಾಝ್‌ನ ಎರಡು ಪಿಕಪ್‌ಗಳೂ ಸರಿಸಮ ತೆರೆದಿದ್ದರೆ ಅವುಗಳ ಹಮ್ ಒಂದನ್ನೊಂದು ಕಳೆಯುತ್ತದೆ. ಒಂದನ್ನು ಇಳಿಸಿದಿರೋ, 'ಗುಂಯ್' ಎಂಬ ನಾದ ಹಾಡಿನ ಉದ್ದಕ್ಕೂ ನಿಮ್ಮ ಜೊತೆಗಿರುತ್ತದೆ. ಪ್ರಿಸಿಷನ್‌ಗೆ 1957ರಿಂದ ಬಂದ ಎರಡು ತುಂಡಿನ ಪಿಕಪ್ ಆ ಹಮ್ಮನ್ನು ತಾನೇ ನುಂಗಿಕೊಳ್ಳುತ್ತದೆ. ಗಣೇಶೋತ್ಸವ, ರಾಜ್ಯೋತ್ಸವ, ಊರ ಜಾತ್ರೆಗಳಲ್ಲಿ ನುಡಿಸುವವನಿಗೆ ಪ್ರಿಸಿಷನ್ ಮಾದರಿಯೇ ಮೊದಲ ಬೇಸ್ ಆಗಲಿ ಎನ್ನುವುದಕ್ಕೆ ನನಗಿಷ್ಟು ಸಾಕು. ಯಮಹಾ, ಸ್ಕ್ವಾಯರ್, ಐಬನೇಜ್ ಮಾಡುವ ಸಾಧಾರಣ ಬೆಲೆಯ ವಾದ್ಯಗಳೂ, ಬಲ್ಲವರ ಕೈಯಲ್ಲಿ ಒಮ್ಮೆ ಸೆಟಪ್ ಆದರೆ, ವೇದಿಕೆಗೆ ನಿಸ್ಸಂಕೋಚವಾಗಿ ಹತ್ತಬಲ್ಲವು.

ತಂತಿಯ ಮಾತು ಬಂದರೆ ನನಗೆ ಜೇಮ್ಸ್ ಜೇಮರ್ಸನ್ ನೆನಪಾಗುತ್ತಾನೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದವನು. 1962ರ ಒಂದು ಪ್ರಿಸಿಷನ್, ಅದಕ್ಕೆ ದಪ್ಪನೆಯ, ಮೈ ನಯವಾದ ಫ್ಲ್ಯಾಟ್‌ವೌಂಡ್ ತಂತಿ, ಬಲಗೈಯ ತೋರುಬೆರಳು ಒಂದೇ. ತಂತಿ ಕಡಿದುಹೋಗದ ಹೊರತು ಬದಲಿಸುತ್ತಿರಲಿಲ್ಲ. ಹೊಸ ತಂತಿಯ ಕಿಂಕಿಣಿ ಅವನಿಗೆ ಬೇಡವಾಗಿತ್ತು. ನಮ್ಮ ಎಂಬತ್ತರ ದಶಕದ ಸಿನಿಮಾ ಹಾಡುಗಳನ್ನು ನುಡಿಸುವವರಿಗೂ ನಾನು ಫ್ಲ್ಯಾಟ್‌ವೌಂಡ್ ತಂತಿಯನ್ನೇ ಹೇಳುವುದು. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಸಂಗೀತವನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆ ಸಂಗೀತ ಕೊಟ್ಟ ಇಳಯರಾಜ ಅವರಲ್ಲಿ ಬೇಸ್ ತಾಳಕ್ಕೆ ತಲೆದೂಗುವ ಆಳಲ್ಲ, ಗಾಯಕರ ಪಕ್ಕದಲ್ಲಿ ತನ್ನದೇ ಇನ್ನೊಂದು ರಾಗ ಎಳೆಯುತ್ತ ನಡೆಯುತ್ತದೆ. ಅಂಥ ಹಾಡು ಎತ್ತಿಕೊಂಡ ದಿನ ಬೇಸ್‌ನ ಸ್ವರಸ್ವರವೂ ಕೇಳಬೇಕು. ಬರೀ ಗುಡುಗಿದರೆ ಆ ಹಾಡಿಗೆ ಅನ್ಯಾಯ.

ಐದು ತಂತಿಯದು ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಐದನೆಯ ತಂತಿ, ಬಿ, ಸುಮಾರು 31 ಕಂಪನದ್ದು, ಅದನ್ನು ನಿಜವಾಗಿ ಕೇಳಿಸುವ ಸ್ಪೀಕರ್ ನಾವು ನುಡಿಸುವ ಕಡೆ ಅಪರೂಪ. ಆದರೂ ಒಂದು ಲಾಭವಿದೆ. ಗಾಯಕಿಗೆ ಗಂಟಲು ಕಟ್ಟಿ, ಹಾಡಿಗೆ ಎರಡು ನಿಮಿಷ ಇರುವಾಗ "ಶ್ರುತಿ ಒಂದಿಳಿಸೋಣ" ಎಂದರೆ, ಐದು ತಂತಿಯವನು ಬೆರಳ ಜಾಗ ಸರಿಸಿ ಆರಾಮವಾಗಿರುತ್ತಾನೆ, ನಾಲ್ಕು ತಂತಿಯವನು ಎಷ್ಟೋ ಸಲ ಸ್ವರವನ್ನು ಮೇಲಕ್ಕೆ ಎತ್ತಿ ನುಡಿಸಬೇಕಾಗುತ್ತದೆ. ಕೊಳ್ಳುವುದಾದರೆ ಆ ಕಾರಣಕ್ಕೆ ಕೊಳ್ಳಿ.

ಇನ್ನು ಭಾರ. ಕೂತು ನುಡಿಸಿ ಬೇಸ್ ಕೊಂಡವರಿಗೆ ಅದರ ಭಾರ ಗೊತ್ತಾಗುವುದು ಮೊದಲ ಕಾರ್ಯಕ್ರಮದ ಮರುದಿನ ಬೆಳಿಗ್ಗೆ. ಮೂರೂವರೆ ಕೆಜಿಗೂ ನಾಲ್ಕೂವರೆ ಕೆಜಿಗೂ ಇರುವ ವ್ಯತ್ಯಾಸವನ್ನು ಎಡಭುಜ ಹೇಳುತ್ತದೆ. ಅಂಗಡಿಯಲ್ಲೇ ಪಟ್ಟಿ ಹಾಕಿಕೊಂಡು ನಿಂತು ಎರಡೂ ಕೈ ಬಿಡಿ. ನೆಕ್ ನೆಲದ ಕಡೆ ವಾಲಿದರೆ ಆ ವಾದ್ಯವನ್ನು ಅಲ್ಲೇ ಇಡಿ. ವಾಲುವ ನೆಕ್ಕನ್ನು ಸಂಜೆಯೆಲ್ಲ ಎಡಗೈ ಎತ್ತಿಹಿಡಿಯಬೇಕು, ಹಾಗೆ ಎತ್ತಿಹಿಡಿದ ಕೈ ಸಲೀಸಾಗಿ ನುಡಿಸಲಾರದು.

ಆಂಪ್‌ನದು ಇನ್ನೂ ದೊಡ್ಡ ಕಥೆ. ಫೆಂಡರ್ 1952ರಲ್ಲಿ ಬೇಸ್‌ಗೆಂದೇ ಬೇಸ್‌ಮನ್ ಆಂಪ್ ತಂದ. ಮುಂದೆ ಅದನ್ನು ಗಿಟಾರಿನವರು ಎತ್ತಿಕೊಂಡು ಹೋದರು, ಇಂಗ್ಲೆಂಡಿನಲ್ಲಿ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್‌ಗೆ ಅದನ್ನೇ ಮಾದರಿ ಮಾಡಿಕೊಂಡ. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ತಂದಿತು. 300 ವಾಟ್, ವಾಲ್ವ್ ಆಂಪ್, ಹತ್ತಿಂಚಿನ ಎಂಟೆಂಟು ಸ್ಪೀಕರಿನ ಪೆಟ್ಟಿಗೆ. ಈಗ ಸಿಗುವ ಅದೇ ಬಗೆಯ ಆಂಪೂ ಪೆಟ್ಟಿಗೆಯೂ ಸೇರಿದರೆ ನೂರು ಕೆಜಿ ಹತ್ತಿರ. ಅದರ ಮುಂದೆ ನಿಂತು ನುಡಿಸಿದವರು ಪ್ಯಾಂಟಿನ ಕಾಲು ಗಾಳಿಗೆ ಹಾರಿದಂತೆ ಅದುರುವುದನ್ನು ಮರೆಯುವುದಿಲ್ಲ. ನಾನೂ ಮರೆತಿಲ್ಲ. ಆದರೆ ಟಾಟಾ ಏಸ್‌ನಲ್ಲಿ ಕುರ್ಚಿ, ಕೀಬೋರ್ಡು, ಢೋಲಕ್ ಜೊತೆ ಸಾಗುವ ತಂಡಕ್ಕೆ ಅದು ಮೂಗಿಗಿಂತ ಮೂಗುತಿ ಭಾರ. ಈಗಿನ ಕ್ಲಾಸ್ ಡಿ ಆಂಪ್‌ಗಳು ಎರಡು ಮೂರು ಕೆಜಿಗೇ 500 ವಾಟ್ ಕೊಡುತ್ತವೆ, ನಿಯೋಡಿಮಿಯಂ ಅಯಸ್ಕಾಂತದ ಸ್ಪೀಕರ್ ಪೆಟ್ಟಿಗೆಯನ್ನು ಒಬ್ಬನೇ ಎತ್ತಬಹುದು. ಬೆನ್ನು ಉಳಿಸಿಕೊಳ್ಳಿ ಎಂದು ಕಿರಿಯರಿಗೆ ಕೈಮುಗಿದು ಹೇಳುತ್ತೇನೆ.

ವಾಟ್ ಎಷ್ಟಿರಬೇಕು? ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, ಮೂರು ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಎನ್ನಿಸಲು ಸುಮಾರು ಹತ್ತರಷ್ಟು ವಾಟ್ ಬೇಕು. ಆದ್ದರಿಂದ 300ಕ್ಕೂ 500ಕ್ಕೂ ಜಗ್ಗಾಡಿ ಹಣ ಸುರಿಯುವ ಬದಲು ಒಳ್ಳೆಯ ಸ್ಪೀಕರ್‌ಗೆ ಹಾಕಿ. ಎಂಟು ಓಮ್‌ನ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಜೋಡಿಸಿದರೆ ನಾಲ್ಕು ಓಮ್ ಆಗುತ್ತದೆ. ಆಂಪ್ ತಡೆಯುವುದು ಎಷ್ಟರವರೆಗೆ ಎಂದು ಅದರ ಬೆನ್ನ ಮೇಲೇ ಬರೆದಿರುತ್ತದೆ, ಅದಕ್ಕಿಂತ ಕೆಳಗಿಳಿದರೆ ಸುಟ್ಟುಹೋಗಬಹುದು.

ಸುಡುವ ಮಾತು ಬಂದದ್ದಕ್ಕೆ ನನ್ನದೊಂದು ನೋವು. ನನ್ನ ಮೊದಲ ಒಳ್ಳೆಯ ಆಂಪನ್ನು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬರುವಾಗ ಹೊತ್ತು ತಂದಿದ್ದ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಸಂಭ್ರಮದಲ್ಲಿ ಯಾರೂ ಹಿಂಬದಿಯ ಚೀಟಿ ಓದಲಿಲ್ಲ. ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಒತ್ತಿದೆ. ಒಂದು ಚಟಕ್ಕೆಂಬ ಸದ್ದು, ಸುಟ್ಟ ವಾರ್ನಿಷ್ಷಿನ ವಾಸನೆ, ಅಷ್ಟೇ. ಅವನು ಸೋಫಾದ ಮೇಲೆ ತಲೆ ಮೇಲೆ ಕೈಹೊತ್ತು ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಸ್ಯಾನ್ ಹೋಸೆಯಿಂದಲೋ ಡಲ್ಲಾಸ್‌ನಿಂದಲೋ ತರಿಸುವವರು ವೋಲ್ಟೇಜ್ ಮೊದಲು ನೋಡಿ. ಎರಡಕ್ಕೂ ಹೊಂದುವ ಆಂಪ್‌ಗಳು ಈಗ ಬೇಕಾದಷ್ಟಿವೆ.

ಇನ್ನೊಂದು ಮಾತನ್ನು ಗದರಿಸಿಯೇ ಹೇಳುತ್ತೇನೆ. ಹಮ್ ಬರುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ಬೇಸ್‌ನ ತಂತಿಯ ಮೇಲೆ ಕೈ, ಮೈಕಿನ ಹತ್ತಿರ ತುಟಿ, ಕಾಲಡಿ ಮಳೆಗೆ ನೆನೆದ ಹಲಗೆ. ಜೀವ ಹೋಗುವುದಕ್ಕೆ ಇನ್ನೇನೂ ಬೇಡ. ನನ್ನ ಚೀಲದಲ್ಲಿ ತಂತಿಗಿಂತ ಮೊದಲು ಟೆಸ್ಟರ್ ಇರುತ್ತದೆ.

ಹಾಗೆ ನೋಡಿದರೆ ಇವತ್ತು ಬಹಳ ಕಡೆ ಆಂಪೇ ಬೇಕಿಲ್ಲ. ಡಿಐ ಬಾಕ್ಸ್ ಮೂಲಕ ಬೇಸ್ ನೇರ ಮಿಕ್ಸರ್‌ಗೆ ಹೋಗುತ್ತದೆ, ಜನಕ್ಕೆ ಕೇಳುವುದು ಸೌಂಡ್‌ನವರ ಸ್ಪೀಕರ್‌ನಿಂದ. ಆಂಪ್ ಇದ್ದರೂ ಅದು ನಮ್ಮ ತಂಡಕ್ಕೆ ಕೇಳಿಸಲು. ಹಣ ಕಡಿಮೆ ಇರುವವರು ಮೊದಲು ಬೇಸ್, ಆಮೇಲೆ ಒಳ್ಳೆಯ ಡಿಐ, ಆಂಪ್ ಕೊನೆಗೆ ಎಂದು ಇಟ್ಟುಕೊಳ್ಳಲಿ. ಇದ್ದ ಆಂಪನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಮಂದ್ರ ಊದಿಕೊಳ್ಳುತ್ತದೆ. ನೆಲದ ಮೇಲಿಟ್ಟರೆ ಮಿಡ್ ಎಲ್ಲ ಮೀನಖಂಡಕ್ಕೆ ಹೋಗುತ್ತದೆ, ಕಿವಿಗೆ ಬರುವುದಿಲ್ಲ. ಕುರ್ಚಿಯ ಮೇಲೆ ಎತ್ತಿಡಿ, ಅರ್ಧ ಸಮಸ್ಯೆ ಪುಕ್ಕಟೆ ಮುಗಿಯುತ್ತದೆ. ಕೀಬೋರ್ಡಿನವರ ಎಡಗೈಯ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಒಂದೇ ಮಂದ್ರದಲ್ಲಿ ಇಬ್ಬರು ಇಳಿದರೆ ಕೆಸರು.

ಆ ಹುಡುಗ ಕೊನೆಗೆ ಸೆಕೆಂಡ್ ಹ್ಯಾಂಡ್ ಪ್ರಿಸಿಷನ್ ಮಾದರಿಯದೊಂದು ತೆಗೆದುಕೊಂಡ, ನೆಕ್ಕನ್ನು ಬಂದೂಕಿನಂತೆ ಕಣ್ಣ ಮುಂದೆ ಹಿಡಿದು ತಿರುಚಿಲ್ಲವೆಂದು ಇಬ್ಬರೂ ನೋಡಿದೆವು. ಉಳಿದ ದುಡ್ಡಿಗೆ ಒಂದು ಡಿಐ ಮತ್ತು ನನ್ನ ಮಾತಿಗೆ ಒಂದು ವಿಚಿತ್ರ ಸಾಮಾನು: ಹತ್ತು ಮೀಟರಿನ ಕೇಬಲ್ ಎರಡು, ನಡುವೆ ಜೋಡಿಸುವ ಜಾಯಿಂಟರ್.

ಅದು ಯಾಕೆಂದು ಅವನಿಗೆ ಗೊತ್ತಾದದ್ದು ಅವನ ಮೊದಲ ಕಾರ್ಯಕ್ರಮದ ಸಂಜೆ. ಬನ್ನಿ ಅಂದಿದ್ದ, ಹೋಗಿದ್ದೆ. ಹತ್ತು ಗಂಟೆಗೆ ಸದ್ದು ನಿಲ್ಲಿಸಬೇಕಾದ್ದರಿಂದ ಸೌಂಡ್ ಚೆಕ್ ಐದಕ್ಕೇ ಶುರು. ಎರಡೂ ಕೇಬಲ್ ಜೋಡಿಸಿ, ಬೇಸ್ ಹೆಗಲಿಗೆ ಹಾಕಿಕೊಂಡೇ ವೇದಿಕೆ ಇಳಿ ಎಂದೆ. ಇ ತಂತಿಯ ಒಂದು ಅಲೆ ಎಂಟು ಮೀಟರಿಗೂ ಉದ್ದ, ಆ ವೇದಿಕೆಗಿಂತ ದೊಡ್ಡದು. ಮೇಲೆ ನಿಂತವನಿಗೆ ಅದು ಕೇಳುವ ಬಗೆಯೇ ಬೇರೆ, ಕೆಳಗೆ ಕೂತವರಿಗೇ ಬೇರೆ. ಅವನು ನುಡಿಸುತ್ತ ಖಾಲಿ ಕುರ್ಚಿಗಳ ನಡುವೆ ನಡೆದ. ನಾಲ್ಕನೇ ಸಾಲಿನಲ್ಲಿ ದನಿ ತುಂಬಿತು, ಏಳನೆಯದರಲ್ಲಿ ಬಡವಾಯಿತು. ಕೇಬಲ್ ಅಲ್ಲಿಗೆ ಮುಗಿಯಿತು. ಬೇಸನ್ನು ನನ್ನ ಕೈಗೆ ಕೊಟ್ಟು, ನುಡಿಸುತ್ತಿರಿ ಎಂದು ತಾನು ಹಿಂದಕ್ಕೆ ಹೋದ. ಪೆಂಡಾಲಿನ ತುದಿಯಲ್ಲಿ ಚುರುಮುರಿ ಗಾಡಿ ನಿಂತಿತ್ತು. ನಾನು ಖಾಲಿ ಎ ತಂತಿ ಮೀಟಿದಾಗಲೆಲ್ಲ ಗಾಡಿಯ ಮೇಲಿನ ಸ್ಟೀಲ್ ಡಬ್ಬದ ಮುಚ್ಚಳ ಟರ್ ಎಂದು ಅದುರುತ್ತಿತ್ತಂತೆ. 55 ಕಂಪನದ ಆ ಒಂದೇ ಸ್ವರ ಪೆಂಡಾಲಿನಲ್ಲಿ ಊದಿಕೊಂಡು ಬೇರೆಲ್ಲವನ್ನೂ ಮುಚ್ಚುತ್ತಿತ್ತು. ಅಲ್ಲಿಂದಲೇ ಸೌಂಡ್‌ನವರಿಗೆ ಕೈ ಮಾಡಿ, "ಐವತ್ತೈದು ಸ್ವಲ್ಪ ಇಳ್ಸಿ, ಮಿಡ್ ಒಂಚೂರು ಎತ್ತಿ" ಎಂದು ಕೂಗಿದ. ಅವರು ಇಳಿಸಿದರು, ಎತ್ತಿದರು. ನಾನು ಮತ್ತೆ ಎ ಮೀಟಿ, ಅಲ್ಲಿಂದ ಒಂದೊಂದೇ ಸ್ವರ ಮೇಲಕ್ಕೆ ಹೋದೆ.

ಚುರುಮುರಿಯವರು ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದರು. "ನಿಂತೋಯ್ತು" ಎಂದರು. ಹುಡುಗ ಅಲ್ಲೇ ನಿಂತು, ನಾನು ನುಡಿಸುತ್ತಿದ್ದ ಸ್ವರಗಳನ್ನು ಒಂದೊಂದಾಗಿ ಹಿಡಿದು ಬಾಯಲ್ಲಿ ಗುನುಗುತ್ತಿದ್ದ.