ಪದ ಕಟ್ಟಿದ ಸಂಪಾದಕ

ದೂಧಗಂಗೆಯ ಬಯಲಿನಲ್ಲಿ ಕಬ್ಬಿನ ತೋಟಗಳ ನಡುವೆ ಹರಡಿಕೊಂಡಿರುವ ನಮ್ಮ ಏಕಸಂಬಿಯ ಸೀಮೆಯಲ್ಲಿ, ಜಾತ್ರೆಯ ದಿನ ಪಲ್ಲಕ್ಕಿ ಗುಡಿಯನ್ನು ಸೇರಿ, ಬೆಂಡು-ಬತ್ತಾಸಿನ ಅಂಗಡಿಗಳ ದೀಪಗಳು ಒಂದೊಂದಾಗಿ ಆರಿ, ಎಳೆಯ ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ರೆಹೋದ ತರುವಾಯ, ಎರಡು ಮೇಳಗಳು ಎದುರುಬದುರಾಗಿ ನಿಂತು ಹಾಡಕಿಗೆ ತೊಡಗುವುದುಂಟು. ಒಂದು ಹರದೇಶಿಯ ಮೇಳ, ಇನ್ನೊಂದು ನಾಗೇಶಿಯದು. ಹರದೇಶಿಯವರು ಶಿವನೇ ಮೇಲೆಂದು, ಪುರುಷನಿಲ್ಲದೆ ಸೃಷ್ಟಿಯೇ ಇಲ್ಲವೆಂದು ಹಾಡಿದರೆ, ನಾಗೇಶಿಯವರು ಶಕ್ತಿಯೇ ಮೇಲೆಂದು, ಆಕೆ ಅಲುಗದಿದ್ದರೆ ಶಿವನೂ ಅಲುಗಲಾರನೆಂದು ಉತ್ತರಕೊಡುವರು. ಕೈಯಲ್ಲಿ ದಪ್ಪು, ಜೊತೆಗೆ ತುಂತುಣಿ, ತಾಳ. ಮುಂದಿನವನು ಒಂದು ನುಡಿ ಎತ್ತಿದನೆಂದರೆ ಹಿಂದಿನವರು ಅದರ ಕೊನೆಯನ್ನು ಹಿಡಿದು ‘ಜೀ ಜೀ’ ಎಂದು ಏರಿಸುವರು. ಪುರಾಣದ ಒಂದು ಸವಾಲನ್ನು ಎದುರಿನ ಮೇಳದ ಮೇಲೆ ಎಸೆದು, ಅದಕ್ಕೆ ಜವಾಬು ಬರುವ ತನಕ ನಗುತ್ತ ನಿಲ್ಲುವ ಆ ಗಾಯಕನ ಭಂಗಿಯನ್ನು, ಬಾಲ್ಯದಲ್ಲಿ ತಾತನ ಹೆಗಲ ಮೇಲೆ ಕುಳಿತು ನೋಡಿದ್ದನ್ನು, ನಾನು ಇಂದಿಗೂ ಮರೆತಿಲ್ಲ.

ಲಾವಣಿಯ ಈ ಕಲೆಯ ಹೆಸರನ್ನು ಕೇಳದ ಇಂದಿನ ತರುಣರು ಹಿಪ್ ಹಾಪ್ ಎಂಬ ಹೆಸರನ್ನು ಬಲ್ಲರು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿಕಟ್ಟಡದಲ್ಲಿ, ಜಮೈಕಾದಲ್ಲಿ ಹುಟ್ಟಿ ಅಲ್ಲಿಗೆ ಬಂದಿದ್ದ ಕೂಲ್ ಹರ್ಕ್ ಎಂಬ ಯುವಕನು, ತಂಗಿಯು ಏರ್ಪಡಿಸಿದ್ದ ಸಂತೋಷಕೂಟದಲ್ಲಿ, ಹಾಡಿನ ತಟ್ಟೆಗಳಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗವನ್ನೇ ಮರಳಿ ಮರಳಿ ನುಡಿಸಿದನೆಂಬುದನ್ನು ಆ ಕಲೆಯ ಜನ್ಮಪ್ರಸಂಗವೆಂದು ಅದರ ಚರಿತ್ರಕಾರರು ಬರೆಯುತ್ತಾರೆ. ತಾಳದ ಮೇಲೆ ಮಾತನ್ನು ಹೊಸೆಯುವುದು, ಎದುರಾಳಿಯನ್ನು ಪ್ರಾಸದಿಂದ ಕಟ್ಟಿಹಾಕುವುದು, ಕೊನೆಗೆ ತನ್ನ ಹೆಸರನ್ನೂ ತನ್ನ ಕೇರಿಯ ಹೆಸರನ್ನೂ ಮೆರೆಸುವುದು—ಇವೆಲ್ಲ ನಮ್ಮ ಲಾವಣಿಕಾರರಿಗೆ ಅಪರಿಚಿತವಲ್ಲ. ಇವೆರಡಕ್ಕೂ ರಕ್ತಸಂಬಂಧವುಂಟೆಂದು ನಾನು ಹೇಳುವುದಿಲ್ಲ; ಪಾಠಶಾಲೆಯ ಭಾಷೆಯು ಯಾರನ್ನು ಹೊರಗೆ ನಿಲ್ಲಿಸಿತೋ ಅವರು ಎಲ್ಲಿದ್ದರೂ ತಮ್ಮ ಬಾಯಿಮಾತಿನಲ್ಲಿಯೇ ಒಂದು ಸಭೆಯನ್ನು ಕಟ್ಟಿಕೊಂಡರೆಂದು ಮಾತ್ರ ಹೇಳುತ್ತೇನೆ. ಆ ದೂರದೇಶದಲ್ಲಿ ಇಂತಹ ಸಂಗೀತವನ್ನು ಕುರಿತು ಪತ್ರಿಕೆಗಳಲ್ಲಿ ಬರೆಯುತ್ತಿದ್ದವರಲ್ಲಿ ಕೆಲವರು ತಾವೇ ರಂಗಕ್ಕಿಳಿದರು. ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಹಿಪ್ ಹಾಪನ್ನು ಗಂಭೀರ ವಿಮರ್ಶೆಯ ವಸ್ತುವನ್ನಾಗಿ ಮಾಡಿದ ಗ್ರೆಗ್ ಟೇಟ್ ಎಂಬ ಲೇಖಕನು 1999ರಲ್ಲಿ ‘ಬರ್ನ್ಟ್ ಶುಗರ್’ ಎಂಬ ಸ್ವಂತ ವಾದ್ಯಮೇಳವನ್ನೇ ಕಟ್ಟಿದನು. ಇದನ್ನು ಓದಿದಾಗ ನನಗೆ ಒಡನೆಯೇ ನೆನಪಾದವರು, ಅದಕ್ಕೂ ಎಷ್ಟೋ ಮೊದಲು, ನಮ್ಮದೇ ಬೆಳಗಾವಿ ಜಿಲ್ಲೆಯ ನೆಲದಲ್ಲಿ ಹುಟ್ಟಿ, ಪತ್ರಿಕೆಯ ಮೇಜಿನ ಮುಂದೆ ಕುಳಿತು, ಹಳ್ಳಿಯ ನಾಲಗೆಯಲ್ಲಿ ಪದ ಕಟ್ಟಿದ ಬೆಟಗೇರಿ ಕೃಷ್ಣಶರ್ಮರು.

‘ಆನಂದಕಂದ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಕೃಷ್ಣಶರ್ಮರು 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಜನಿಸಿ, 1982ರಲ್ಲಿ ತೀರಿಕೊಂಡರು. ಅವರ ಹುಟ್ಟೂರಿನ ಸೀಮೆಯನ್ನು ಒಂದಿಷ್ಟು ನೆನೆಯದೆ ಅವರ ಹಾಡುಗಳ ಮಾತಿಗೆ ಹೋಗುವುದು ಸರಿಯಲ್ಲ. ಘಟಪ್ರಭೆಯ ಆ ಸೀಮೆಯೇ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟದ ನಾಡು. ಆ ಆಟವನ್ನು ವಿಸ್ತರಿಸಿ ಬೆಳೆಯಿಸಿದ ಕುಲಗೋಡ ತಮ್ಮಣ್ಣನ ಕುಲಗೋಡವಾಗಲಿ, ರುಕ್ಮಿಣಿ-ಸತ್ಯಭಾಮೆಯರ ಪಾತ್ರದಿಂದ ಊರೂರಿನ ಜನರ ಮನಸ್ಸನ್ನು ಸೂರೆಗೊಂಡ ನಿಂಗಮ್ಮನ ಕೌಜಲಗಿಯಾಗಲಿ, ಅದೇ ಗೋಕಾಕದ ಸೀಮೆಗೆ ಸೇರಿದವು. ಬೀಸುವ ಕಲ್ಲಿನ ಮುಂದೆ ತ್ರಿಪದಿ, ಮಳೆ ತಡೆದರೆ ಗುರ್ಚಿಯ ಹಾಡು, ಕಣದಲ್ಲಿ ಹಂತಿಯ ಪದ, ಗುಡಿಯಲ್ಲಿ ಭಜನೆ, ಬಯಲಿನಲ್ಲಿ ಪಾರಿಜಾತ—ಇಷ್ಟನ್ನು ಕೇಳುತ್ತ ಬೆಳೆದ ಕಿವಿಗೆ ಭಾಷೆಯೆಂಬುದು ಮೊದಲು ಧ್ವನಿ, ಅಕ್ಷರವಾಗುವುದು ಆಮೇಲೆ.

ಅಂದಿನ ಕಾಲವೂ ಸಾಮಾನ್ಯವಾದುದಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮರಾಠಿಯ ಪ್ರಭಾವದ ನಡುವೆ ಕನ್ನಡವು ಮನೆಯೊಳಗಿನ ಮಾತಾಗಿ ಉಳಿದಿತ್ತು. ಆಲೂರ ವೆಂಕಟರಾಯರು 1922ರಲ್ಲಿ ಧಾರವಾಡದಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನು ಆರಂಭಿಸಿದರು. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊಳಗಿತು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿಕೊಂಡಿತು. ಆ ಗುಂಪಿನ ಒಡನಾಡಿಯಾಗಿ, ಮೊದಲು ‘ಜಯಕರ್ನಾಟಕ’ದಲ್ಲಿ ದುಡಿದು, ಮುಂದೆ 1938ರಲ್ಲಿ ‘ಜಯಂತಿ’ ಎಂಬ ಸ್ವಂತ ಮಾಸಪತ್ರಿಕೆಯನ್ನು ಹೊರಡಿಸಿ, ಅದನ್ನು ಎರಡು ದಶಕಗಳಿಗೂ ಮೀರಿ ನಡೆಯಿಸಿದವರು ಕೃಷ್ಣಶರ್ಮರು.

ಆ ದಿನಗಳಲ್ಲಿ ಮಾಸಪತ್ರಿಕೆಯನ್ನು ನಡೆಯಿಸುವುದೆಂದರೆ ಏನು ಎಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಲೇಖನವನ್ನು ಕೇಳಿ ಕಾಗದ ಬರೆಯಬೇಕು, ಬಂದುದನ್ನು ತಿದ್ದಬೇಕು, ಒಂದೊಂದೇ ಅಚ್ಚುಮೊಳೆಯನ್ನು ಕೈಯಿಂದ ಜೋಡಿಸಿದ ಪುಟದ ಕರಡಚ್ಚನ್ನು ದೀಪದ ಬೆಳಕಿನಲ್ಲಿ ಓದಬೇಕು, ಚಂದಾದಾರರ ಪಟ್ಟಿಯನ್ನು ಬರೆದಿಟ್ಟು, ವಿಳಾಸ ಅಂಟಿಸಿ, ಅಂಚೆಗೆ ಹಾಕಬೇಕು, ಚಂದಾ ಬಾರದವರಿಗೆ ನೆನಪಿನ ಕಾಗದ ಬರೆಯಬೇಕು. ಅಂತಹ ಪತ್ರಿಕೆಯು ಗಡಿಯ ನಮ್ಮ ಹಳ್ಳಿಗಳಿಗೆ ತಲುಪಿತೆಂದರೆ ಅದು ಬರಿಯ ಕಾಗದವಾಗಿರಲಿಲ್ಲ. ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ, ತಾತನ ಹಳೆಯ ದಸ್ತಾವೇಜುಗಳ ಕೆಳಗೆ, ದಾರದಿಂದ ಹೊಲಿದಿಟ್ಟ ‘ಜಯಂತಿ’ಯ ಕೆಲವು ಸಂಚಿಕೆಗಳಿದ್ದುವು, ಅಂಚುಗಳನ್ನು ಗೆದ್ದಲು ತಿಂದಿದ್ದರೂ ನಡುವಣ ಅಕ್ಷರಗಳು ಸ್ವಚ್ಛವಾಗಿದ್ದುವು. ಹೊಲದ ಕಾಗದಪತ್ರಗಳ ಜೊತೆಯಲ್ಲಿ ಒಂದು ಮಾಸಪತ್ರಿಕೆಯನ್ನು ಕಾಪಾಡಿದ ಆ ರೈತನ ಮನಸ್ಸು ಎಂತಹದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕೃಷ್ಣಶರ್ಮರು ಕಥೆಗಳನ್ನು ಬರೆದರು; ವಿಜಯನಗರದ ಚರಿತ್ರೆಯನ್ನು ಕುರಿತು ‘ರಾಜಯೋಗಿ’, ‘ಅಶಾಂತಿಪರ್ವ’ ಮೊದಲಾದ ಕಾದಂಬರಿಗಳನ್ನು ರಚಿಸಿದರು; ದಾಸಸಾಹಿತ್ಯದಲ್ಲಿಯೂ ಶ್ರಮಿಸಿದರು. ಅವುಗಳಲ್ಲಿನ ಪಾಂಡಿತ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಚೇತನದ ನಿಜವಾದ ಪ್ರಸಾದ ನನಗೆ ದೊರೆತುದು ‘ನಲ್ವಾಡುಗಳು’ ಮುಂತಾದ ಸಂಗ್ರಹಗಳ ಆ ಹಳ್ಳಿಯ ಗೀತಗಳಲ್ಲಿ. ಏಕೆಂಬುದಕ್ಕೆ ನನ್ನ ಬಾಳಿನದೇ ಒಂದು ಸಂಗತಿಯುಂಟು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಿಬಂಧವೊಂದರಲ್ಲಿ, ಅವ್ವ ನನಗೆ ಹೇಳಿದ ಮಾತನ್ನು ಅವಳು ಹೇಳಿದಂತೆಯೇ, ‘ಮನಿಯಾಗ’, ‘ನಮಗ’, ‘ಬಂದಾನ’ ಎಂದು ಬರೆದುಬಿಟ್ಟೆನು. ನಮ್ಮ ಶಾಲೆಯ ಗುರುಗಳೊಬ್ಬರು ಆ ಮಾತುಗಳ ಕೆಳಗೆಲ್ಲ ಕೆಂಪು ಗೆರೆ ಎಳೆದು, ವರ್ಗದ ಮುಂದೆ ಓದಿಸಿ, ಇದು ದನ ಕಾಯುವವರ ಭಾಷೆಯೆಂದರು. ಮಕ್ಕಳೆಲ್ಲ ನಕ್ಕರು. ಗುರುಗಳು ನನ್ನ ಹಿತವನ್ನೇ ಬಯಸಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಆ ದಿನ ಮನೆಗೆ ಹೋಗಿ ಅವ್ವನ ಮುಖವನ್ನು ನೋಡಲು ನನಗೆ ನಾಚಿಕೆಯಾಯಿತು, ಹಾಗೆ ನಾಚಿದುದಕ್ಕಾಗಿ ಇಂದಿಗೂ ವ್ಯಥೆಯಾಗುತ್ತದೆ. ಕೆಲವು ತಿಂಗಳುಗಳ ತರುವಾಯ ತಾತನ ಪೆಟ್ಟಿಗೆಯ ಸಂಚಿಕೆಯೊಂದರಲ್ಲಿ, ಸಂಸ್ಕೃತಭೂಯಿಷ್ಠವಾದ ಪ್ರಬಂಧವೊಂದರ ಎದುರು ಪುಟದಲ್ಲಿ, ಅವೇ ‘ಮನಿಯಾಗ’, ‘ನಮಗ’ಗಳು, ಯಾವ ಕ್ಷಮಾಯಾಚನೆಯೂ ಇಲ್ಲದೆ, ಅಚ್ಚಾಗಿ ಕುಳಿತಿದ್ದುದನ್ನು ಕಂಡೆನು. ಕೆಳಗೆ ‘ಆನಂದಕಂದ’ ಎಂದಿತ್ತು.

ಸಂಪಾದಕನ ಕಣ್ಣೂ ಪದಕಾರನ ಕಿವಿಯೂ ಒಬ್ಬನಲ್ಲಿಯೇ ಕೂಡಿದರೆ ಆಗುವ ಲಾಭವನ್ನು ಇಲ್ಲಿ ಕೊಂಚ ವಿವರಿಸಬೇಕಾಗಿದೆ. ಗ್ರಂಥಭಾಷೆಯ ‘ಬಂದಿದ್ದಾನೆ’ ಎಂಬುದಕ್ಕೆ ಏಳು ಮಾತ್ರೆ. ಬೆಳವಲದ ‘ಬಂದಾನ’ ಎಂಬುದಕ್ಕೆ ಐದೇ. ‘ಹೋಗುತ್ತೇನೆ’ ಎಂಬುದು ಏಳು; ‘ಹೋಗ್ತೇನಿ’ ಎಂಬುದು ಐದು. ಉಳಿದ ಎರಡು ಮಾತ್ರೆಗಳಲ್ಲಿ ಪದಕಾರನು ಇನ್ನೊಂದು ಮಾತನ್ನು ತರಬಲ್ಲನು, ಇಲ್ಲವೆ ದಪ್ಪಿನ ಒಂದು ಪೆಟ್ಟಿಗೆ ಎಡೆಮಾಡಿಕೊಡಬಲ್ಲನು. ಮೇಲಾಗಿ ನಮ್ಮ ಮಾತಿನ ‘ನಮಗ’, ‘ಊರಾಗ’, ‘ಐತಿ’ಗಳ ಕೊನೆಯ ಸ್ವರಗಳು ಹಗುರವಾಗಿ ಬೀಳುವುದರಿಂದ, ಸಾಲು ಮುಗಿದೊಡನೆ ಹಿಂದಿನವರು ಅದನ್ನು ಎತ್ತಿಕೊಳ್ಳುವುದು ಸುಲಭ. ಲಾವಣಿಕಾರರು ಪಲ್ಲ, ನುಡಿ, ಏರು, ಇಳುವು, ಚಾಲು ಎಂದು ಹಾಡನ್ನು ವಿಭಾಗಿಸಿಕೊಳ್ಳುವುದು ಈ ನಾಲಗೆಯ ನಡೆಯನ್ನು ಬಲ್ಲವರಾದುದರಿಂದಲೇ. ಇದನ್ನು ಅವರು ಕಿವಿಯಿಂದ ಬಲ್ಲರು. ಪುಟದ ಇಕ್ಕಟ್ಟಿನಲ್ಲಿ ಲೇಖನಗಳ ಸಾಲುಗಳನ್ನು ಎಣಿಸಿ ಎಣಿಸಿ ಕತ್ತರಿಸಿದ ಸಂಪಾದಕನು ಕಣ್ಣಿನಿಂದಲೂ ಬಲ್ಲನು. ಆನಂದಕಂದರ ಹಳ್ಳಿಯ ಗೀತಗಳಲ್ಲಿ ತುಂಬುಪದಗಳು ವಿರಳವಾಗಿರುವುದಕ್ಕೆ ಈ ಎರಡು ಅಭ್ಯಾಸಗಳೂ ಕಾರಣವೆಂದು ನನ್ನ ನಂಬಿಕೆ.

ಅವರಿಗಿಂತ ಮೊದಲು ಹಳ್ಳಿಯ ಮಾತು ಸಾಹಿತ್ಯದಲ್ಲಿ ಬಂದಿರಲಿಲ್ಲವೆಂದಲ್ಲ. ನಾಟಕಗಳಲ್ಲಿ ನಗೆಪಾತ್ರದ ಬಾಯಲ್ಲಿ ಅದು ಬರುತ್ತಿತ್ತು. ನಗಿಸುವುದಕ್ಕಾಗಿಯೇ ಒಂದು ಜನದ ಭಾಷೆಯನ್ನು ಮೀಸಲಿಡುವುದು ಎಂತಹ ಅನ್ಯಾಯವೆಂಬುದನ್ನು ಆ ಕಾಲದ ಕೆಲವರು ಅರಿತರು. ಬೇಂದ್ರೆಯವರು ಆ ಭಾಷೆಯಲ್ಲಿ ಅನುಭಾವವನ್ನೇ ನುಡಿಸಿದರು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದು, ಬೀಸುವ ಕಲ್ಲಿನ ಮುಂದಿನ ಕವಿತೆಯನ್ನು ಪಂಡಿತರ ಮುಂದಿರಿಸಿದರು. ಅತ್ತ ಹುಲಕುಂದದ ಭೀಮಕವಿಯಂತಹ ಗೀಗೀಕಾರರು ಸ್ವಾತಂತ್ರ್ಯದ ಸಂದೇಶವನ್ನು ದಪ್ಪಿನ ಮೇಲೆ ಹಳ್ಳಿಹಳ್ಳಿಗೆ ಒಯ್ದರು. ಇವರೆಲ್ಲರ ನಡುವೆ ಆನಂದಕಂದರ ಮಾರ್ಗ ಬೇರೆಯದು. ಅವರ ಹಾಡಿನ ನಾಯಕಿ ತತ್ತ್ವವನ್ನು ಹೇಳುವುದಿಲ್ಲ, ದೇಶಭಕ್ತಿಯನ್ನು ಸಾರುವುದಿಲ್ಲ. ಆಕೆ ತನ್ನ ಗೆಳತಿಯೊಡನೆ, ನಮ್ಮ ಹಳ್ಳಿಯೇ ನಮಗೆ ಮೇಲು, ಹುಬ್ಬಳ್ಳಿ-ಧಾರವಾಡದ ಹಂಬಲ ಯಾತಕ್ಕೆ ಎಂದು ಮಾತನಾಡುತ್ತಾಳೆ. ಹಳ್ಳಿಯನ್ನು ಹೊಗಳಿದ ಪಟ್ಟಣಿಗರು ಬಹುಮಂದಿ. ಆದರೆ ಆ ಗೀತದಲ್ಲಿ ಹೊಗಳುವವಳು ಅಲ್ಲಿಯೇ ನೀರು ಹೊರುವವಳು, ಅಲ್ಲಿಯೇ ರೊಟ್ಟಿ ಬಡಿಯುವವಳು. ಆಕೆಗೆ ಪಟ್ಟಣವೂ ಗೊತ್ತು, ತನ್ನ ಊರಿನ ಬೆಲೆಯೂ ಗೊತ್ತು. ಧಾರವಾಡದಲ್ಲಿ ಕುಳಿತು ಪತ್ರಿಕೆ ನಡೆಯಿಸಿದವರೇ ಹೀಗೊಂದು ಪದವನ್ನು ಕಟ್ಟಿದರೆಂಬುದನ್ನು ನೆನೆದಾಗ, ಬೆಟಗೇರಿಯನ್ನು ಬಿಟ್ಟುಬಂದ ಒಂದು ಜೀವದ ಹಂಬಲವು ಆ ಹೆಣ್ಣಿನ ದನಿಯ ಹಿಂದೆ ನನಗೆ ಕೇಳಿಸುತ್ತದೆ. ಅದೇ ಲೇಖನಿಯಿಂದಲೇ ಕನ್ನಡನುಡಿಯ ಇನಿದನ್ನು ಕೊಂಡಾಡುವ ಶಿಷ್ಟಭಾಷೆಯ ಗೀತವೂ ಬಂದು ಸಭೆಗಳಲ್ಲಿ ಇಂದಿಗೂ ಹಾಡಲ್ಪಡುತ್ತಿದೆ. ಶಿಷ್ಟವೂ ದೇಸಿಯೂ ಅವರಲ್ಲಿ ಒಂದೇ ಒಲೆಯ ಎರಡು ಉರಿಗಳಂತಿದ್ದುವು.

ಪತ್ರಿಕಾವೃತ್ತಿಯು ಕವಿಯನ್ನು ಒಣಗಿಸುತ್ತದೆಂಬ ಮಾತನ್ನು ನಾನು ಹಲವರಿಂದ ಕೇಳಿದ್ದೇನೆ. ಕೃಷ್ಣಶರ್ಮರ ಬಾಳನ್ನು ನೋಡಿದರೆ ಅದನ್ನು ಒಪ್ಪಲಾರೆನು. ತಿಂಗಳು ತಿಂಗಳೂ ಬಗೆಬಗೆಯ ಜನರ ಬರವಣಿಗೆಯನ್ನು ಓದಿದವನಿಗೆ ಯಾವ ಮಾತು ಬದುಕಿನಿಂದ ಬಂದುದು, ಯಾವುದು ಬರಿಯ ಪುಸ್ತಕದಿಂದ ಬಂದುದು ಎಂಬ ವಿವೇಕ ಹುಟ್ಟುತ್ತದೆ. ‘ಜಯಂತಿ’ಯು ನಡೆಯುತ್ತಿದ್ದ ಕಾಲದಲ್ಲಿಯೇ, 1956ರ ನವೆಂಬರ್ 1ರಂದು, ಹರಿದು ಹಂಚಿಹೋಗಿದ್ದ ಕನ್ನಡ ಪ್ರಾಂತಗಳು ಒಂದಾದುವು, ಮುಂಬಯಿ ಪ್ರಾಂತದ ಅಂಚಿನಲ್ಲಿದ್ದ ನಮ್ಮ ಚಿಕ್ಕೋಡಿಯ ಸೀಮೆಯು ಕನ್ನಡ ರಾಜ್ಯದ ಅಂಚಿಗೆ ಬಂದಿತು. ಅಂಚಿನಲ್ಲಿಯೇ ಉಳಿದೆವೆಂಬುದು ನಿಜ. ಏಕಸಂಬಿಯ ನೇಮಿನಾಥ ಬಸದಿಯಲ್ಲಿ ಹನ್ನೆರಡನೆಯ ಶತಮಾನದ ಶಾಸನವಿರುವ ಊರಿನವರು ನಾವು. ಆದರೂ ನಮ್ಮ ಮಾತನ್ನು ಕೇಳಿದ ದಕ್ಷಿಣದ ಬಂಧುಗಳು, ನಿಮ್ಮದು ಮರಾಠಿ ಮಿಶ್ರಿತವೆಂದು ಹೇಳುವುದುಂಟು. ‘ಇಯತ್ತೆ’ಯೆಂದರೂ ‘ವಾಡೆ’ಯೆಂದರೂ ಅದು ನಮ್ಮ ನಾಲಗೆಯಲ್ಲಿ ಕನ್ನಡವಾಗಿಯೇ ನಿಂತಿದೆಯೆಂದು ಹೇಳುವ ಧೈರ್ಯವನ್ನು ನನಗೆ ಕೊಟ್ಟವರು ಆನಂದಕಂದರು.

ಇಂದು ನಮ್ಮ ಕಡೆಯ ಹುಡುಗರು ಕಬ್ಬಿನ ಟ್ರ್ಯಾಕ್ಟರುಗಳ ಮೇಲೆ ದೊಡ್ಡ ಧ್ವನಿವರ್ಧಕಗಳಲ್ಲಿ ಕೇಳುವ ಹೊಸ ಹಾಡುಗಳೆಲ್ಲ ಉತ್ತರ ಕರ್ನಾಟಕದ ಮಾತಿನಲ್ಲಿಯೇ ಇವೆ. ಕೆಲವುಗಳಲ್ಲಿ ರ‍್ಯಾಪಿನ ನಡೆಯೂ ಉಂಟು. ಅವುಗಳಲ್ಲಿ ಜೊಳ್ಳು ಬಹಳವಿದ್ದೀತು. ಆದರೆ ‘ಮನಿಯಾಗ’ ಎಂದು ಹಾಡಲು ಆ ಹುಡುಗರು ನಾಚುವುದಿಲ್ಲವೆಂಬುದನ್ನು ಕಂಡು ನನಗೆ ಸಂತೋಷವಾಗುತ್ತದೆ.

ಕಳೆದ ಜಾತ್ರೆಯಲ್ಲಿ, ಹಾಡಕಿ ಮುಗಿದು ಮೂಡಣವು ಬೆಳ್ಳಗಾಗುತ್ತಿದ್ದಾಗ, ನಾಗೇಶಿಯ ಮೇಳದ ಮುಂದಿನ ಗಾಯಕಿಯ ಬಳಿಗೆ ಹೋಗಿ, “ಅಕ್ಕಾರ, ನಿಮ್ಮ ಪದದ ವಹಿ ನೋಡಬಹುದs?” ಎಂದು ಕೇಳಿದೆನು. ಬಿಸಿ ಚಹಾದ ಬಟ್ಟಲನ್ನು ಕೆಳಗಿರಿಸಿ, ಸೆರಗಿನಿಂದ ಕೈ ಒರಸಿಕೊಂಡು, ಆಕೆ ಚೀಲದಿಂದ ಒಂದು ದಪ್ಪ ವಹಿಯನ್ನು ತೆಗೆದುಕೊಟ್ಟಳು. ಗುಂಡಾದ ಅಕ್ಷರಗಳಲ್ಲಿ ಬರೆದ ಸವಾಲು-ಜವಾಬುಗಳ ನಡುವೆ ಆನಂದಕಂದರ ಆ ಹಳ್ಳಿಯ ಗೀತವೂ ಇತ್ತು. ಕವಿಯ ಹೆಸರಿರಲಿಲ್ಲ. ಹುಬ್ಬಳ್ಳಿ-ಧಾರವಾಡಗಳೂ ಇರಲಿಲ್ಲ, ಅವುಗಳ ಎಡೆಯಲ್ಲಿ, ಮಾತ್ರೆ ಕೆಡದಂತೆ ತಿದ್ದಿಕೊಂಡು, ಯಾರೋ ಕೊಲ್ಲಾಪುರವನ್ನು ಬರೆದಿದ್ದರು. “ಇದು ಯಾರ ಪದ, ಅಕ್ಕಾರ?” ಎಂದೆನು. “ಯಾರದಂದ್ರ? ನಮ್ಮ ಅವ್ವ ಹಾಡತಿದ್ದಳು,” ಎಂದು ಹೇಳಿ ಆಕೆ ಚಹಾದ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡಳು.