ನದಿಗೂ ಒಂದು ಪಾಲು

ಮುಂಗಾರು ಬಲಿತ ಜುಲೈ, ಆಗಸ್ಟ್ ತಿಂಗಳಲ್ಲಿ ಚುಂಚನಕಟ್ಟೆಗೆ ಹೋದವರಿಗೆ ಕಾವೇರಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತಾಳೆ. ಸುಮಾರು 60 ಅಡಿ ಎತ್ತರದ ಬಂಡೆಗಳ ಮೇಲಿಂದ ಕೆಂಪು ನೀರು ಧುಮುಕುವಾಗ ಏಳುವ ತುಂತುರು ದಡದಲ್ಲಿ ನಿಂತವರನ್ನೂ ನೆನೆಸುತ್ತದೆ. ಪಕ್ಕದ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಸೀತೆಯ ಸ್ನಾನಕ್ಕೆಂದು ಲಕ್ಷ್ಮಣ ಬಾಣ ಬಿಟ್ಟು ಬಂಡೆಯನ್ನು ಸೀಳಿ ನೀರು ತರಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಅದೇ ಜಾಗಕ್ಕೆ ಏಪ್ರಿಲ್‌ನಲ್ಲಿ ಹೋದರೆ ಕಾಣುವುದು ಬಿಸಿಲಿಗೆ ಕಾದ ಕರಿ ಬಂಡೆ, ಅದರ ಸಂದಿನಲ್ಲಿ ಹರಿಯುವ ಸಣ್ಣ ಧಾರೆ.

ಬೇಸಿಗೆಯಲ್ಲಿ ನದಿ ಬಡವಾಗುವುದು ಸಹಜ. ಆದರೆ ಇಷ್ಟೊಂದು ಬಡವಾಗುವುದಕ್ಕೆ ಬಿಸಿಲು ಮಾತ್ರ ಕಾರಣವಲ್ಲ. ಅದನ್ನು ತಿಳಿಯಬೇಕಾದರೆ ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳನ್ನು ನೀರಿನ ಜಾಡು ಹಿಡಿದು ನೋಡಬೇಕು.

ಮೂರು ನದಿ, ಒಂದೇ ಸಂಸಾರ

ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿವೆ. (ಕೆ.ಆರ್.ನಗರದಿಂದ ಸಾಲಿಗ್ರಾಮ, ಎಚ್.ಡಿ.ಕೋಟೆಯಿಂದ ಸರಗೂರು ಈಗ ಬೇರೆ ತಾಲ್ಲೂಕುಗಳಾಗಿವೆ.) ಕೊಡಗು ಮತ್ತು ವಯನಾಡಿನ ಬೆಟ್ಟಗಳ ಮೇಲೆ ಬಿದ್ದ ಮಳೆ ಕೆಳಗಿಳಿದು ಬರುವ ದಾರಿ ಇದು.

ಕುಶಾಲನಗರದ ಸೇತುವೆ ದಾಟಿದರೆ ಸಿಗುವ ಕೊಪ್ಪ ಪಿರಿಯಾಪಟ್ಟಣ ತಾಲ್ಲೂಕಿನ ಊರು. ಕಾವೇರಿ ಮೈಸೂರು ಜಿಲ್ಲೆಯನ್ನು ಮುಟ್ಟುವುದು ಈ ಭಾಗದಲ್ಲಿ. ಲಕ್ಷ್ಮಣತೀರ್ಥ ದಕ್ಷಿಣ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಜಲಪಾತವಾಗಿ ಇಳಿದು, ಹನಗೋಡು ಮತ್ತು ಹುಣಸೂರನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮೂರನೆಯದು ಕಬಿನಿ, ಅಂದರೆ ಕಪಿಲೆ. ಕೇರಳದ ವಯನಾಡಿನಿಂದ ಎಚ್.ಡಿ.ಕೋಟೆಯ ಕಾಡಿಗೆ ಬಂದು, ನಂಜನಗೂಡನ್ನು ದಾಟಿ, ತಿ.ನರಸೀಪುರದಲ್ಲಿ ಕಾವೇರಿಗೆ ಕೂಡುತ್ತದೆ. ನುಗು, ತಾರಕ ಮುಂತಾದ ಹೊಳೆಗಳು ಕಬಿನಿಯ ಕೂಸುಗಳು.

ಈ ಸೀಮೆಯಲ್ಲಿ ಊರಿನ ಹೆಸರುಗಳೇ ನೀರಿನ ಕತೆ ಹೇಳುತ್ತವೆ. ಚುಂಚನಕಟ್ಟೆ, ಸಾಗರಕಟ್ಟೆ, ಕಟ್ಟೆಮಳಲವಾಡಿ ಈ ಮೂರರಲ್ಲೂ ಕಟ್ಟೆಯಿದೆ. ಹಾವಿನಂತೆ ಅಂಕುಡೊಂಕಾಗಿ ಹರಿಯುವ ಹೊಳೆ ನಾಗರಹೊಳೆ. ಕೃಷ್ಣರಾಜನಗರದ ಹಿಂದಿನ ಊರು ಎಡತೊರೆ. ತೊರೆ ಎಡಕ್ಕೆ ತಿರುಗುವುದರಿಂದ ಆ ಹೆಸರೆಂದು ರೂಢಿಯ ಮಾತು. ಪ್ರವಾಹದ ಕಾಟ ತಾಳಲಾರದೆ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಹೊಸ ಪಟ್ಟಣ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅರ್ಕೇಶ್ವರ ದೇವಾಲಯ ಮಾತ್ರ ಇಂದಿಗೂ ಹಳೆ ಎಡತೊರೆಯಲ್ಲಿ ನದಿಯ ದಂಡೆ ಬಿಟ್ಟು ಕದಲಿಲ್ಲ.

ಕಟ್ಟೆಯ ನ್ಯಾಯ

ಕಟ್ಟೆಗೂ ಜಲಾಶಯಕ್ಕೂ ಇರುವ ವ್ಯತ್ಯಾಸ ಗಮನಿಸತಕ್ಕದ್ದು. ಕಟ್ಟೆಯೆಂದರೆ ನದಿಗೆ ಅಡ್ಡಲಾಗಿ ಹಾಕಿದ ಗಿಡ್ಡ ಕಲ್ಲಿನ ಒಡ್ಡು. ಅದು ನೀರನ್ನು ವರ್ಷಗಟ್ಟಲೆ ಕೂಡಿಡುವುದಿಲ್ಲ. ನೀರಿನ ಮಟ್ಟವನ್ನು ಸ್ವಲ್ಪ ಏರಿಸಿ ಒಂದಷ್ಟನ್ನು ನಾಲೆಗೆ ತಿರುಗಿಸುತ್ತದೆ. ಉಳಿದದ್ದು ಅದರ ತಲೆಯ ಮೇಲೆ ಹಾದು ಮುಂದಿನ ಊರಿಗೆ ಹೋಗುತ್ತದೆ. ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಹರಿಯಬಿಡುವುದೇ ಕಟ್ಟೆಯ ನ್ಯಾಯ.

ಕೆ.ಆರ್.ನಗರ ಸೀಮೆಗೆ ಭತ್ತದ ಕಣಜವೆಂಬ ಹೆಸರು ಬಂದದ್ದು ಇಂಥ ಕಟ್ಟೆಗಳಿಂದ. ಚಾಮರಾಜ, ಮಿರ್ಲೆ, ರಾಮಸಮುದ್ರ ನಾಲೆಗಳು ಇಂದಿಗೂ ಇಲ್ಲಿನ ಗದ್ದೆಗಳಿಗೆ ನೀರುಣಿಸುತ್ತಿವೆ. ಹುಣಸೂರಿಗೆ ಹನಗೋಡಿನ ಅಣೆಕಟ್ಟೆ ಇದೇ ಉಪಕಾರ ಮಾಡಿದೆ. ನಾಲೆಯ ನೀರು ಏರದ ಕಡೆ ಮಳೆಯನ್ನೇ ನಂಬಿದ ಬೇಸಾಯ. ಅಲ್ಲಿ ರೈತರ ಕೈಗೆ ಕಾಸು ತರುವ ಬೆಳೆ ವರ್ಜೀನಿಯಾ ಹೊಗೆಸೊಪ್ಪು. ಅದನ್ನು ಹದ ಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕು. ಸೌದೆಗಾಗಿ ಮರ ಹೋದರೆ ಮಳೆನೀರು ಇಂಗುವ ನೆಲವೂ ಸೊರಗುತ್ತದೆ. ಹೊಳೆಯಿಂದ ದೂರವಿರುವ ಹೊಲದ ಬದುಕೂ ಹೀಗೆ ಹೊಳೆಯ ಆರೋಗ್ಯಕ್ಕೆ ಗಂಟುಬಿದ್ದಿದೆ.

ಕಟ್ಟೆಗಳ ಕಾಲದ ನಂತರ ದೊಡ್ಡ ಜಲಾಶಯಗಳ ಕಾಲ ಬಂತು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರು ಕೆ.ಆರ್.ನಗರದ ಕಡೆಗೂ ಚಾಚಿತು. ಕಾವೇರಿಯ ಉಪನದಿ ಹಾರಂಗಿಗೆ ಕೊಡಗಿನಲ್ಲಿ ಕಟ್ಟಿದ ಜಲಾಶಯದ ನಾಲೆಗಳು ಪಿರಿಯಾಪಟ್ಟಣ, ಹುಣಸೂರಿನ ನೆಲಕ್ಕೆ ಬಂದವು. ಇವುಗಳಿಂದ ಅನ್ನ, ಬೆಳಕು, ಕುಡಿಯುವ ನೀರು ದೊರಕಿದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೇಲಿನಿಂದ ಬರುವ ನೀರಿಗೆ ಒಂದೊಂದು ಹೆಜ್ಜೆಗೂ ಒಬ್ಬೊಬ್ಬ ಹಕ್ಕುದಾರ ಹುಟ್ಟಿಕೊಂಡ. ಚುಂಚನಕಟ್ಟೆಯ ಬೇಸಿಗೆಯ ಬಂಡೆಗಳು ಈ ಲೆಕ್ಕದ ಕೊನೆಯ ಸಾಲು.

ಕಬಿನಿಯ ಎರಡು ಮುಖ

ಎಚ್.ಡಿ.ಕೋಟೆ ಭಾಗದ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ ಅಡಿ. ವಯನಾಡಿನ ಮಳೆ ನಂಬಿದ ಈ ಜಲಾಶಯ ಬಹುತೇಕ ವರ್ಷಗಳಲ್ಲಿ ರಾಜ್ಯದ ಬೇರೆ ಜಲಾಶಯಗಳಿಗಿಂತ ಮೊದಲು ತುಂಬುತ್ತದೆ.

ಈ ನದಿಯ ದಂಡೆಗೆ ಹಳೆಯ ಚರಿತ್ರೆಯಿದೆ. ಪುನ್ನಾಟ ರಾಜ್ಯದ ರಾಜಧಾನಿ ಕಿತ್ತಿಪುರವನ್ನು ವಿದ್ವಾಂಸರು ಕಬಿನಿ ದಂಡೆಯ ಕಿತ್ತೂರಿನೊಂದಿಗೆ ಗುರುತಿಸಿದ್ದಾರೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಗೂ ಪುನ್ನಾಟದ ಹೆಸರು ತಿಳಿದಿತ್ತು. ಮುಂದೆ ಮೈಸೂರು ಅರಸರ ಕಾಲದಲ್ಲಿ ಆನೆ ಹಿಡಿಯುವ ಖೆಡ್ಡಾಗಳಿಂದ ಹೆಸರಾದ ಕಾಕನಕೋಟೆ ಇದೇ ಕಾಡಿನದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಜಲಾಶಯ ಕಾಡನ್ನೂ ಹಳ್ಳಿಗಳನ್ನೂ ನುಂಗಿತು. ಮನೆಮಠ ಕಳೆದುಕೊಂಡವರಲ್ಲಿ ಕಾಡನ್ನೇ ನಂಬಿದ್ದ ಜೇನುಕುರುಬ, ಬೆಟ್ಟಕುರುಬರೂ ಇದ್ದರು. ಆದರೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿದಾಗ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಕಾಣುವ ತಾಣಗಳು ವಿರಳ. ಪ್ರವಾಸಿಗರು ದೂರದಿಂದ ಬಂದು ನೋಡುವ ಈ ಸೊಬಗಿನ ಕೆಳಗೆ ಮುಳುಗಿದ ಊರುಗಳಿವೆ ಎಂಬುದನ್ನು ಮರೆಯಲಾಗದು.

ಲಕ್ಷ್ಮಣತೀರ್ಥದ ಪಾಡು

ಮೂರರಲ್ಲಿ ಚಿಕ್ಕದಾದ ಲಕ್ಷ್ಮಣತೀರ್ಥದ ಕಷ್ಟ ಬೇರೆ ಬಗೆಯದು. 2019ರ ಆಗಸ್ಟ್ ಮಳೆಗೆ ಇದು ಉಕ್ಕಿ ಹುಣಸೂರಿನ ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. ಉಳಿದ ದಿನಗಳಲ್ಲಿ ಊರಿನ ಕೊಳಚೆಯೇ ನದಿಗೆ ನುಗ್ಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ರಾಜ್ಯದ 17 ನದಿಗಳಲ್ಲಿ ಮಲಿನ ಭಾಗಗಳನ್ನು ಗುರುತಿಸಿತು. ಆ ಪಟ್ಟಿಯಲ್ಲಿ ಕಾವೇರಿ, ಕಬಿನಿಯ ಜೊತೆಗೆ ಲಕ್ಷ್ಮಣತೀರ್ಥವೂ ಇತ್ತು. ಕೊಡಗಿನ ಕಾಡಿನಲ್ಲಿ ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ನೀರು, ಹುಣಸೂರು ದಾಟುವಾಗ ಕಾಲಿಡಲೂ ಹಿಂಜರಿಯುವಂತಾಗಿದೆ.

ಇದಕ್ಕೆ ಕೊಳಚೆ ಮಾತ್ರ ಕಾರಣವಲ್ಲ. ಹರಿಯುವ ನೀರಿಗೆ ಸ್ವಲ್ಪಮಟ್ಟಿಗೆ ತನ್ನನ್ನು ತಾನು ತೊಳೆದುಕೊಳ್ಳುವ ಶಕ್ತಿಯಿದೆ. ಕಲ್ಲಿಗೆ ಬಡಿದು, ಗಾಳಿ ಬೆರೆತು, ಸೂಕ್ಷ್ಮಜೀವಿಗಳು ಕಶ್ಮಲವನ್ನು ಕರಗಿಸಿ ನೀರು ತಿಳಿಯಾಗುತ್ತದೆ. ಹರಿವು ನಿಂತರೆ ಆ ಕೆಲಸವೂ ನಿಂತಿತು. ನದಿಯಿಂದ ನೀರು ತೆಗೆದುಕೊಂಡು ಅದಕ್ಕೆ ಚರಂಡಿ ಬಿಟ್ಟರೆ, ಒಂದೇ ಏಟಿಗೆ ಎರಡು ಬಗೆಯ ಅನ್ಯಾಯ.

ಪಾಲಿನ ಲೆಕ್ಕ

ಕಾವೇರಿ ನೀರಿನ ಹಂಚಿಕೆಯೆಂದರೆ ಎಲ್ಲರಿಗೂ ನೆನಪಾಗುವುದು ರಾಜ್ಯಗಳ ಜಗಳ. 2007ರಲ್ಲಿ ನ್ಯಾಯಮಂಡಳಿ ನದಿಯ ವಾರ್ಷಿಕ ನೀರನ್ನು 740 ಟಿಎಂಸಿ ಅಡಿ ಎಂದು ಲೆಕ್ಕ ಹಾಕಿ ಹಂಚಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿತು. ಈ ಅಂಕಿಗಳು ಬಾಯಿಪಾಠವಾಗಿರುವವರಿಗೂ ಅದೇ ತೀರ್ಪಿನ ಇನ್ನೊಂದು ಅಂಕಿ ಗೊತ್ತಿರುವುದು ಕಡಿಮೆ. ಪರಿಸರ ಸಂರಕ್ಷಣೆಗೆಂದು ತೆಗೆದಿಟ್ಟದ್ದು 10 ಟಿಎಂಸಿ ಅಡಿ. ಅಂದರೆ ನೂರಕ್ಕೆ ಒಂದೂವರೆಯಷ್ಟೂ ಇಲ್ಲ.

ಹಂಚಿಕೆಯ ಪಟ್ಟಿಯಲ್ಲಿ ನದಿಗೂ ಒಂದು ಸಾಲು ಸಿಕ್ಕಿತೆಂಬುದು ಸಮಾಧಾನ. ಆದರೆ ಮೀನು, ನೀರುನಾಯಿ, ದಡದ ಹೊಳೆಮತ್ತಿ ಮರ, ನೀರು ಕುಡಿಯಲು ಬರುವ ಆನೆ ಇವೆಲ್ಲ ಆ ಒಂದೇ ಸಾಲಿನಲ್ಲಿ ಬದುಕಬೇಕು. ಚುಂಚನಕಟ್ಟೆಯ ಚೆಲುವು ನದಿಗೆ ತೊಡಿಸಿದ ಅಲಂಕಾರವಲ್ಲ. ನದಿಯಲ್ಲಿ ನೀರು ಉಳಿದಿದೆ ಎಂಬುದರ ಗುರುತು.

ನಾಲ್ಕು ತಾಲ್ಲೂಕುಗಳ ಹಿರಿಯರು ಕಟ್ಟೆ ಕಟ್ಟಿದಾಗ ಗದ್ದೆಗೆ ನೀರು ತಿರುಗಿಸಿದರು, ಮಿಕ್ಕಿದ್ದನ್ನು ಮುಂದಕ್ಕೆ ಬಿಟ್ಟರು. ಬೇಡಿಕೆ ಹತ್ತು ಪಟ್ಟು ಬೆಳೆದಿರುವಾಗ ಆ ಕಾಲಕ್ಕೆ ಮರಳುವುದು ಆಗದ ಮಾತು. ಕೊಳಚೆಯನ್ನು ಶುದ್ಧಮಾಡಿ ಬಿಡುವುದು, ಹೊಳೆಯ ದಡದ ಮರ ಉಳಿಸುವುದು, ಬೇಸಿಗೆಯಲ್ಲೂ ಒಂದಿಷ್ಟು ನೀರನ್ನು ಹರಿಯಬಿಡುವುದು ಮಾತ್ರ ಇಂದಿಗೂ ಸಾಧ್ಯ. ಎಲ್ಲರಿಗೂ ಪಾಲು ಕೊಟ್ಟ ನದಿ ತನಗಾಗಿ ಕೇಳುವುದು ಅಷ್ಟನ್ನೇ.