ಹೋದವರ ಲೆಕ್ಕ, ಬಂದವರ ಲೆಕ್ಕ

1977ರ ಚಳಿಗಾಲದಲ್ಲಿ ಚೀನಾದಲ್ಲಿ ಪರೀಕ್ಷೆ ಬರೆದು ಕಾಲೇಜು ಸೇರುವ ಬಾಗಿಲು ಮತ್ತೆ ತೆರೆಯಿತು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿದ್ದ ಪ್ರವೇಶ ಪರೀಕ್ಷೆಗೆ ಸುಮಾರು 57 ಲಕ್ಷ ಮಂದಿ ಕೂತರು. ಸೀಟು ಸಿಕ್ಕಿದ್ದು 2.73 ಲಕ್ಷ ಜನರಿಗೆ ಮಾತ್ರ. ಹೊಲದಲ್ಲಿ ದುಡಿಯಲೆಂದು ಸರ್ಕಾರ ಹಳ್ಳಿಗಳಿಗೆ ಕಳುಹಿಸಿದ್ದ ಪೇಟೆಯ ಹುಡುಗ ಹುಡುಗಿಯರು, ಕಾರ್ಖಾನೆಯ ಕೆಲಸಗಾರರು, ಮದುವೆಯಾಗಿ ಮಕ್ಕಳಾಗಿದ್ದವರು ಎಲ್ಲರೂ ಬರೆದ ಪರೀಕ್ಷೆ ಅದು. ಪಾಸಾದವರಲ್ಲಿ ಚೆಂಗ್ಡುವಿನ ವಾಂಗ್ ಹುಯಿಯಾವೊ ಒಬ್ಬರು. ಆಗ ಅವರಿಗೆ ಹತ್ತೊಂಬತ್ತು. ಗುವಾಂಗ್‌ಝೌನಲ್ಲಿ ಇಂಗ್ಲಿಷ್ ಓದಿದರು, ಬೀಜಿಂಗಿನ ವಿದೇಶ ವ್ಯಾಪಾರ ಸಚಿವಾಲಯದಲ್ಲಿ ಕೆಲಸ ಹಿಡಿದರು, 1984ರಲ್ಲಿ ಎಂಬಿಎ ಓದಲು ಕೆನಡಾಕ್ಕೆ ಹೋದರು. ಅಲ್ಲಿ ಕಂಪನಿ ನೌಕರಿ, ಕ್ವಿಬೆಕ್ ಪ್ರಾಂತ್ಯ ಸರ್ಕಾರದ ಪರವಾಗಿ ವ್ಯಾಪಾರ ಪ್ರತಿನಿಧಿಯ ಕೆಲಸ, ಮುಂದೆ ಮ್ಯಾಂಚೆಸ್ಟರ್‌ನಲ್ಲಿ ಡಾಕ್ಟರೇಟ್. ಚೀನಾಕ್ಕೂ ಮರಳಿದರು.

ಅವರೂ ಅವರ ಪತ್ನಿ ಮಿಯಾವೊ ಲ್ಯೂ ಅವರೂ ಸೇರಿ 2008ರಲ್ಲಿ ಬೀಜಿಂಗಿನಲ್ಲಿ ಕಟ್ಟಿದ ಸಂಸ್ಥೆಯ ಹೆಸರು ‘ಸೆಂಟರ್ ಫಾರ್ ಚೈನಾ ಅಂಡ್ ಗ್ಲೋಬಲೈಸೇಷನ್’, ಚಿಕ್ಕದಾಗಿ ಸಿಸಿಜಿ. ನಮ್ಮ ಪತ್ರಿಕೆಗಳು ಚಿಂತಕರ ಚಾವಡಿ ಎನ್ನುತ್ತವಲ್ಲ, ಆ ಬಗೆಯದು. ಜಾಗತೀಕರಣ, ಚೀನಾ–ಅಮೆರಿಕ ಸಂಬಂಧ, ವ್ಯಾಪಾರ ಒಪ್ಪಂದಗಳು ಇದರ ಅಧ್ಯಯನದಲ್ಲಿ ಬರುತ್ತವೆ. ಚೀನಾವನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿಸುವ ಮಾತುಕತೆ ನಡೆಸಿದ ಲಾಂಗ್ ಯೋಂಗ್‌ಟು ಇದರ ಅಧ್ಯಕ್ಷರಾಗಿದ್ದರು. 2018ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ವಿಶೇಷ ಸಲಹಾ ಸ್ಥಾನವೂ ಸಿಕ್ಕಿತು. ಆದರೆ ಸಿಸಿಜಿಯ ಜೀವಾಳ ಬೇರೆ. ಓದಿಗೆ, ದುಡಿಮೆಗೆ ಹೊರಗೆ ಹೋದ ಚೀನೀಯರು ಎಷ್ಟು ಮಂದಿ, ಎಲ್ಲಿದ್ದಾರೆ, ಎಷ್ಟು ಜನ ಮರಳಿದರು, ಮರಳಿದವರು ಏನು ಮಾಡುತ್ತಿದ್ದಾರೆ ಎಂಬ ಲೆಕ್ಕವನ್ನು ಅದು ಬೆನ್ನುಬಿಡದೆ ಹಿಡಿದಿದೆ. ಚೀನಾದಲ್ಲಿ ‘ನೀಲಿ ಪುಸ್ತಕ’ ಎಂದು ಕರೆಯುವ ವರದಿಗಳ ಸಾಲಿನಲ್ಲಿ ಇವು ಪ್ರಕಟವಾಗುತ್ತವೆ: ಒಂದು ವಿದೇಶದಲ್ಲಿ ಓದುವ ವಿದ್ಯಾರ್ಥಿಗಳದ್ದು, ಇನ್ನೊಂದು ವಲಸೆಯದ್ದು, ಮತ್ತೊಂದು ಮರಳಿದವರದ್ದು. ಭಾಷಣ, ಸಮಾರಂಭಗಳಿಗಿಂತ ಈ ಪುಸ್ತಕಗಳೇ ಹೆಚ್ಚು ಕಾಲ ಬಾಳುವ ಕೆಲಸ ಎಂದು ನನಗನಿಸುತ್ತದೆ.

ಈ ಲೆಕ್ಕಕ್ಕೆ ಚೀನಾದಲ್ಲಿ ಯಾಕಿಷ್ಟು ತೂಕ ಎಂದು ತಿಳಿಯಲು ನೂರೈವತ್ತು ವರ್ಷ ಹಿಂದೆ ಹೋಗಬೇಕು. 1854ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವಿ ಪಡೆದ ಯುಂಗ್ ವಿಂಗ್, ಅಮೆರಿಕದಲ್ಲಿ ಪದವಿ ಪಡೆದ ಮೊದಲ ಚೀನೀಯ. ತನಗೆ ಸಿಕ್ಕ ಓದು ತನ್ನ ನಾಡಿನ ಮಕ್ಕಳಿಗೂ ಸಿಗಲಿ ಎಂದು ವರ್ಷಗಟ್ಟಲೆ ಅಧಿಕಾರಿಗಳ ಮನವೊಲಿಸಿ, 1872ರಿಂದ ನಾಲ್ಕು ತಂಡಗಳಲ್ಲಿ 120 ಹುಡುಗರನ್ನು ಕನೆಕ್ಟಿಕಟ್ ಕಡೆಗೆ ಕಳುಹಿಸುವಂತೆ ಮಾಡಿದ. ಹುಡುಗರು ಅಮೆರಿಕನ್ ಮನೆಗಳಲ್ಲಿ ಬೆಳೆದರು, ಬೇಸ್‌ಬಾಲ್ ಆಡಿದರು, ಕೆಲವರು ಆಗಿನ ಚೀನೀ ಗಂಡಸರೆಲ್ಲ ಬಿಡಬೇಕಿದ್ದ ಜಡೆಯನ್ನು ಕತ್ತರಿಸಿದರು, ಚರ್ಚಿಗೂ ಹೋದರು. ಇವರು ನಮ್ಮವರಾಗಿ ಉಳಿಯುವುದಿಲ್ಲ ಎಂದು ದಿಗಿಲಾದ ಚೀನಾದ ರಾಜರ ಆಸ್ಥಾನ 1881ರಲ್ಲಿ ಎಲ್ಲರನ್ನೂ ವಾಪಸು ಕರೆಸಿತು. ಹೆಚ್ಚಿನವರ ಓದು ಅರ್ಧಕ್ಕೇ ನಿಂತಿತು. ಅಷ್ಟರೊಳಗೆ ಯೇಲ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿದ್ದ ಝಾನ್ ತಿಯನ್ಯೂ ಮುಂದೆ ಬೀಜಿಂಗಿನಿಂದ ಝಾಂಗ್‌ಜಿಯಾಕೋವಿಗೆ ಬೆಟ್ಟ ಸೀಳಿ ರೈಲು ದಾರಿ ಹಾಕಿದರು. 1909ರಲ್ಲಿ ಮುಗಿದ ಆ ದಾರಿ ಚೀನೀಯರೇ ಯೋಜಿಸಿ ಕಟ್ಟಿದ ಮೊದಲ ದೊಡ್ಡ ರೈಲು ಮಾರ್ಗ. ಇದೇ ಝಾನ್ ಮತ್ತಿತರರು 1913ರಲ್ಲಿ ವಿದೇಶದಿಂದ ಮರಳಿದವರ ಸಂಘವೊಂದನ್ನು ಕಟ್ಟಿದರು. ಆ ಸಂಘ ಇಂದಿಗೂ ಇದೆ. ವಾಂಗ್ ಅದರ ಉಪಾಧ್ಯಕ್ಷರಾಗಿದ್ದರು.

ಕಳುಹಿಸುವ ಆಸೆ, ಕಳೆದುಕೊಳ್ಳುವ ಭಯ. ಇವೆರಡರ ನಡುವಿನ ಹಗ್ಗಜಗ್ಗಾಟ 1978ರಲ್ಲಿ ಮತ್ತೆ ಶುರುವಾಯಿತು. ಹತ್ತಲ್ಲ ನೂರಲ್ಲ, ಸಾವಿರ ಸಾವಿರ ಮಂದಿಯನ್ನು ಹೊರಗೆ ಕಳುಹಿಸಬೇಕೆಂದು ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಜೂನ್‌ನಲ್ಲಿ ಹೇಳಿದರು. ಡಿಸೆಂಬರ್‌ನಲ್ಲಿ 52 ಮಂದಿಯ ಮೊದಲ ತಂಡ ಅಮೆರಿಕಕ್ಕೆ ಹೊರಟಿತು. ಬಹಳ ಕಾಲ, ಹೋದವರಲ್ಲಿ ಹೆಚ್ಚಿನವರು ಬರಲಿಲ್ಲ. ಆಮೇಲೆ ಗಾಳಿ ತಿರುಗಿತು. 2019ರ ಹೊತ್ತಿಗೆ, ನಾಲ್ಕು ದಶಕಗಳಲ್ಲಿ ಹೊರಗೆ ಹೋದವರು ಸುಮಾರು 65.6 ಲಕ್ಷ, ಮರಳಿದವರು 42.3 ಲಕ್ಷ ಎಂದು ಅಲ್ಲಿನ ಶಿಕ್ಷಣ ಸಚಿವಾಲಯ ಲೆಕ್ಕ ಕೊಟ್ಟಿತು. ಆ ಒಂದೇ ವರ್ಷದಲ್ಲಿ ಏಳು ಲಕ್ಷ ಮಂದಿ ಹೋದರು, 5.8 ಲಕ್ಷ ಮಂದಿ ಬಂದರು.

ಸಿಸಿಜಿ ಹುಟ್ಟಿದ 2008ರ ಕೊನೆಯಲ್ಲೇ ಸರ್ಕಾರ ‘ಸಾವಿರ ಪ್ರತಿಭೆಗಳ ಯೋಜನೆ’ಗೆ ಚಾಲನೆ ಕೊಟ್ಟಿತು: ಹೊರದೇಶದಲ್ಲಿ ನೆಲೆನಿಂತ ವಿಜ್ಞಾನಿಗಳಿಗೆ ಪ್ರಯೋಗಾಲಯ, ಅನುದಾನ, ಮನೆ ಕೊಟ್ಟು ಕರೆತರುವ ಯತ್ನ. 2010ರಿಂದ 2020ರವರೆಗಿನ ರಾಷ್ಟ್ರೀಯ ಪ್ರತಿಭಾ ನೀತಿ ರೂಪಿಸುವಾಗ ವಾಂಗ್ ಅವರ ಸಲಹೆಯನ್ನೂ ಪಡೆದರು. 2015ರಲ್ಲಿ ಅವರು ಚೀನಾದ ಮಂತ್ರಿಮಂಡಲವಾದ ಸ್ಟೇಟ್ ಕೌನ್ಸಿಲ್‌ಗೆ ಸಲಹೆಗಾರರಾಗಿ ನೇಮಕಗೊಂಡರು. ಇಲ್ಲಿಯೇ ಸಿಸಿಜಿಯ ಶಕ್ತಿ, ಇಲ್ಲಿಯೇ ಅದರ ಮೇಲಿನ ಶಂಕೆ. 2018ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ವಿಲ್ಸನ್ ಸೆಂಟರ್‌ನಲ್ಲಿ ವಾಂಗ್ ಮಾತನಾಡಬೇಕಿತ್ತು. ಪಕ್ಷದ ಹೊರಗಿನವರನ್ನೂ ವಿದೇಶದ ಚೀನೀಯರನ್ನೂ ಒಲಿಸಿಕೊಳ್ಳಲು ಕಮ್ಯುನಿಸ್ಟ್ ಪಕ್ಷ ಇಟ್ಟುಕೊಂಡಿರುವ ಸಂಯುಕ್ತ ರಂಗ ವಿಭಾಗದೊಂದಿಗೆ ಅವರಿಗಿರುವ ನಂಟನ್ನು ಸಭಿಕರಿಗೆ ತಿಳಿಸಬೇಕೆಂದು ಸೆನೆಟರ್ ಮಾರ್ಕೊ ರುಬಿಯೊ ಪತ್ರ ಬರೆದರು, ವಾಂಗ್ ಹೋಗಲಿಲ್ಲ. ಅದೇ ವರ್ಷ ಅಮೆರಿಕದ ನ್ಯಾಯ ಇಲಾಖೆ ‘ಚೈನಾ ಇನಿಷಿಯೇಟಿವ್’ ಹೆಸರಿನಲ್ಲಿ ಚೀನಾದ ಪರ ಬೇಹುಗಾರಿಕೆಯ ತನಿಖೆ ಆರಂಭಿಸಿತು, ಚೀನೀ ಮೂಲದ ಎಷ್ಟೋ ಪ್ರಾಧ್ಯಾಪಕರು ಸಂಶಯದ ನೆರಳಿನಲ್ಲಿ ಬದುಕಬೇಕಾಯಿತು. 2022ರಲ್ಲಿ ಆ ಕಾರ್ಯಕ್ರಮ ನಿಂತಿತು, ಕಹಿ ನಿಲ್ಲಲಿಲ್ಲ.

ಸಿಸಿಜಿ ತನ್ನನ್ನು ಸರ್ಕಾರೇತರ ಸಂಸ್ಥೆ ಎಂದು ಪರಿಚಯಿಸಿಕೊಳ್ಳುತ್ತದೆ. ಆ ಮಾತನ್ನು ತೂಗಲು ಯೂನಿರೂಲ್ ಎಂಬ ಇನ್ನೊಂದು ಸಂಸ್ಥೆಯನ್ನು ನೆನೆಯಬೇಕು. ಅರ್ಥಶಾಸ್ತ್ರಜ್ಞ ಮಾವೊ ಯುಷಿ ಮತ್ತು ಗೆಳೆಯರು 1993ರಲ್ಲಿ ಬೀಜಿಂಗಿನಲ್ಲೇ ಕಟ್ಟಿದ, ಮುಕ್ತ ಮಾರುಕಟ್ಟೆಯನ್ನೂ ಕಾನೂನಿನ ಆಳ್ವಿಕೆಯನ್ನೂ ಎತ್ತಿಹಿಡಿದ ಸಂಸ್ಥೆ ಅದು. 2018ರ ಜುಲೈಯಲ್ಲಿ ಅದರ ಕಚೇರಿಯ ಕಬ್ಬಿಣದ ಬಾಗಿಲನ್ನು ಬೆಸುಗೆ ಹಾಕಿ ಮುಚ್ಚಲಾಯಿತು; ಮರುವರ್ಷ ಸಂಸ್ಥೆಯೇ ಮುಚ್ಚಿತು. ಯೂನಿರೂಲ್ ಕೇಳಿದ್ದು ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು. ಸಿಸಿಜಿ ಕೇಳುವುದು ದೇಶಕ್ಕೆ ಯಾರು ಬರಬೇಕು, ಹೇಗೆ ಬರಬೇಕು ಎಂಬುದನ್ನು. ಆಳುವವರಿಗೂ ಉತ್ತರ ಬೇಕಾಗಿರುವ ಪ್ರಶ್ನೆಯನ್ನು ಆರಿಸಿಕೊಂಡದ್ದರಿಂದ ಅದು ಬೆಳೆಯಿತು. ಹಾಗೆಂದು ಅದರ ಕೆಲಸವನ್ನು ತಳ್ಳಿಹಾಕುವುದು ಅನ್ಯಾಯ. ಚೀನಾ, ಅಮೆರಿಕ ಮುಖ ತಿರುಗಿಸಿಕೊಂಡಿದ್ದಾಗಲೂ ಅಮೆರಿಕದ ವಿದ್ವಾಂಸರಾದ ಜೋಸೆಫ್ ನೈ, ಗ್ರಹಾಂ ಆಲಿಸನ್ ಅವರಂಥವರನ್ನು ಕರೆದು ಮಾತನಾಡಿಸಿದ, ಆ ಮಾತುಕತೆಯನ್ನು ಪುಸ್ತಕ ಮಾಡಿದ ವೇದಿಕೆ ಬೀಜಿಂಗಿನಲ್ಲಿ ಇದ್ದುದು ಸಣ್ಣ ಸಂಗತಿಯಲ್ಲ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬಂದವರ ಲೆಕ್ಕದ ಇನ್ನೊಂದು ಮಗ್ಗುಲು, ಅಂದರೆ ಪರದೇಶೀಯರದ್ದು. 2020ರ ಜನಗಣತಿಯಲ್ಲಿ ಚೀನಾದ ನೆಲದಲ್ಲಿದ್ದ ವಿದೇಶೀಯರು 8,45,697 ಮಂದಿ, ಹತ್ತು ಸಾವಿರ ಜನರಿಗೆ ಆರು. ಕಾಯಂ ವಾಸದ ಕಾರ್ಡ್ 2004ರಲ್ಲಿ ಬಂದರೂ 2013ರವರೆಗೆ ಅದು ದಕ್ಕಿದ್ದು 7,356 ಜನಕ್ಕೆ. ಈ ಬಾಗಿಲನ್ನು ಅಗಲ ಮಾಡಿ ಎಂದು ಸಿಸಿಜಿ ಮೊದಲಿನಿಂದಲೂ ಹೇಳುತ್ತ ಬಂದಿದೆ. ವಲಸೆಗೆಂದೇ ಪ್ರತ್ಯೇಕ ಆಡಳಿತ ಬೇಕೆಂದು ವಾದಿಸಿತು, 2018ರಲ್ಲಿ ಅಂಥದ್ದೊಂದು ಬಂತು. ದ್ವಿಪೌರತ್ವವನ್ನು ಚೀನಾ ಒಪ್ಪುವುದಿಲ್ಲ. ಹಾಗಾಗಿ ಭಾರತೀಯ ಮೂಲದ ವಿದೇಶೀ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡಿನಂಥದ್ದನ್ನು ಚೀನೀ ಮೂಲದವರಿಗೂ ಕೊಡಬಹುದೆಂದು ವಾಂಗ್ ಸೂಚಿಸಿದ್ದರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಪಾಸ್‌ಪೋರ್ಟಿನ ಜೊತೆ ಬೀರುವಿನಲ್ಲಿರುವ ಆ ಪುಟ್ಟ ಪುಸ್ತಿಕೆಯನ್ನು ಬೀಜಿಂಗಿನಲ್ಲಿ ಮಾದರಿಯಾಗಿ ನೋಡಿದವರಿದ್ದಾರೆ.

ಸರ್ಕಾರವನ್ನು ಒಪ್ಪಿಸುವುದು ಒಂದು, ಜನರನ್ನು ಒಪ್ಪಿಸುವುದು ಇನ್ನೊಂದು. 2020ರ ಆರಂಭದಲ್ಲಿ ಕಾಯಂ ವಾಸದ ನಿಯಮ ಸಡಿಲಿಸುವ ಕರಡು ಹೊರಬಂದಾಗ ಚೀನಾದ ಸಾಮಾಜಿಕ ಜಾಲತಾಣಗಳಲ್ಲಿ ಸಿಟ್ಟು ಭುಗಿಲೆದ್ದಿತು. 2025ರ ಅಕ್ಟೋಬರ್ 1ರಿಂದ ಯುವ ವಿಜ್ಞಾನಿ, ತಂತ್ರಜ್ಞರಿಗಾಗಿ ‘ಕೆ ವೀಸಾ’ ಜಾರಿಗೆ ಬಂತು. ಅದಕ್ಕೆ ಅಲ್ಲಿನ ಕಂಪನಿಯ ಆಹ್ವಾನವೂ ಬೇಕಿಲ್ಲ. ಹಿಂದಿನ ತಿಂಗಳಷ್ಟೇ ಅಮೆರಿಕ ಹೊಸ ಎಚ್‌–1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ್ದರಿಂದ ನಮ್ಮ ಮಾಧ್ಯಮಗಳು ಇದನ್ನು ಚೀನಾದ ಎಚ್‌–1ಬಿ ಎಂದೇ ಬರೆದವು. ಅದನ್ನು ಓದಿದ ಚೀನಾದ ಯುವಕರು, ನಮಗೇ ಕೆಲಸವಿಲ್ಲದಾಗ ಇವರಿಗೇಕೆ ವೀಸಾ ಎಂದು ಕೇಳಿದರು. ಆ ಸಿಟ್ಟಿನ ದೊಡ್ಡ ಪಾಲು ಭಾರತೀಯರ ಮೇಲೆ ತಿರುಗಿತು. ಹೋದ ಮಕ್ಕಳು ಮರಳಿದಾಗ ಸಂತೋಷಪಡಲು ಯಾರಿಗೂ ಕಲಿಸಬೇಕಿಲ್ಲ. ಪರಊರಿನವರು ಬಂದು ನೆಲೆಸಿದರೆ ತಮಗೇನು ಲಾಭ ಎಂಬುದನ್ನು ಈ ಯುವಕರಿಗೆ ಮನದಟ್ಟು ಮಾಡಿಸಲು ಸಿಸಿಜಿಯ ನೀಲಿ ಪುಸ್ತಕಗಳು ಇನ್ನು ಮಂತ್ರಿಗಳ ಮೇಜು ದಾಟಿ ಬೀದಿಗಿಳಿಯಬೇಕಾಗುತ್ತದೆ.